ಆದಿತ್ಯವಾರದ ಮದ್ರಾಸು

ಮಾತು ಕಡಿಮೆ ಇರುವವರು ಸುಳ್ಳು ಹೇಳುವುದಿಲ್ಲ ಎಂದು ಜನ ಏಕೆ ನಂಬುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ದಿನವಿಡೀ ಮಾತಾಡುವವರ ಸುಳ್ಳು ಆತುರದ್ದು, ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ದಿನಕ್ಕೆ ನಾಲ್ಕು ಮಾತಾಡುವವರಿಗೆ ಆ ನಾಲ್ಕನ್ನೂ ಒಪ್ಪವಾಗಿ ಜೋಡಿಸಿಕೊಳ್ಳಲು ಬೇಕಾದಷ್ಟು ಸಮಯವಿರುತ್ತದೆ. ಬಿಜೈಯ ನಮ್ಮ ಓಣಿಯಲ್ಲಿ ನನಗೆ ಬಹಳ ಒಳ್ಳೆಯ ಹೆಸರಿತ್ತು. ಸಿಸಿಲಿ ಒಂದು ಹೇಳಿದರೆ ಒಂದೇ ಎಂದು ನೆರೆಮನೆಯ ಯಮುನಕ್ಕ ಹಾಲು ತರುವವಳ ಎದುರಿಗೂ ಹೇಳುತ್ತಿದ್ದರು. ಆ ಹೆಸರಿನ ಮರೆಯಲ್ಲಿ ನಾನು ಮಾಡಿದ ಕೆಲಸವನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಕ್ರಮ ತಪ್ಪಬಹುದು. ನಾನು ಮದ್ರಾಸಿನ ಯೂನಿವರ್ಸಿಟಿ ಓದನ್ನು ಆರು ತಿಂಗಳು ಅನುಭವಿಸಿದ್ದೇನೆ. ಹಾಸ್ಟೆಲಿನಿಂದ ಲೈಬ್ರರಿಗೆ ಹೋಗುವ ದಾರಿಯಲ್ಲಿ ತಾವರೆ ಕೊಳ ಯಾವ ಕೈಗೆ ಸಿಗುತ್ತದೆ, ಬೆಳಗಿನ ಮೊದಲ ಗಂಟೆ ಎಷ್ಟು ಹೊತ್ತಿಗೆ ಆಗುತ್ತದೆ, ಊಟದ ಕೋಣೆಗೆ ತಡವಾಗಿ ಬಂದವರು ಎಲ್ಲಿ ನಿಲ್ಲಬೇಕು, ಎಲ್ಲ ನನಗೆ ಗೊತ್ತು. ಮದ್ರಾಸನ್ನು ಮಾತ್ರ ನಾನು ಈವರೆಗೆ ನೋಡಿಲ್ಲ.

ನೋಡಬಹುದಿತ್ತು. ಯಮುನಕ್ಕನ ಮಗಳು ಸರೋಜಿನಿಯೂ ನಾನೂ ಇಂಟರ್‌ಮೀಡಿಯೆಟ್ ಒಟ್ಟಿಗೆ ಪಾಸು ಮಾಡಿದವರು, ಮದ್ರಾಸಿನ ಒಂದು ಹೆಂಗಸರ ಕಾಲೇಜಿಗೆ ಆನರ್ಸಿಗೆಂದು ಒಟ್ಟಿಗೆ ಅರ್ಜಿ ಹಾಕಿದವರು. ಸೀಟು ಇಬ್ಬರಿಗೂ ಬಂತು. ಅದರೊಂದಿಗೆ ದಪ್ಪ ಕಾಗದದ ಒಂದು ಪ್ರಾಸ್ಪೆಕ್ಟಸೂ ಬಂತು. ಸರೋಜಿನಿ ತನ್ನದನ್ನು ಮುಖಪುಟದ ಚಿತ್ರ ನೋಡಿ ಪೆಟ್ಟಿಗೆಗೆ ಹಾಕಿದಳು. ನಾನು ನನ್ನದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಮತ್ತೆ ಕೊನೆಯಿಂದ ಮೊದಲಿಗೆ ಓದಿದೆ. ಎಷ್ಟು ಚೆಂದದ ಜಾಗ ಎಂದು ಮನಸ್ಸು ತುಂಬಿತು. ಆದರೆ ಹಾಸ್ಟೆಲ್ ನಿಯಮಗಳ ಹನ್ನೊಂದನೆಯ ಕಲಮಿಗೆ ಬಂದು ನಿಂತೆ. ವಿದ್ಯಾರ್ಥಿನಿಯರಿಗೆ ಬರುವ ಕಾಗದಗಳನ್ನು ವಾರ್ಡನ್ ಒಡೆದು, ನೋಡಿ, ಆಮೇಲೆ ಕೊಡುವರು ಎಂದು ಅದರಲ್ಲಿತ್ತು. ನನಗೆ ಬರುವ ಕಾಗದವನ್ನು ಇನ್ನೊಬ್ಬರು ಒಡೆಯುವುದೆಂದರೇನು? ನನಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ ಎಂಬುದು ಬೇರೆ ವಿಷಯ. ನನ್ನ ತಾಯಿಗೆ ಉಬ್ಬಸ, ಬಿಟ್ಟು ಹೋಗಲು ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿ, ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಇಲ್ಲಿನ ಕಾಲೇಜಿಗೆ ಸೇರಿಕೊಂಡೆ. ತಾಯಿ ಶಾಲೆಯ ಟೀಚರು. ಆ ಉಬ್ಬಸದಲ್ಲೇ ಅರುವತ್ತು ಮಕ್ಕಳ ಕ್ಲಾಸನ್ನು ಗದರಿಸಿಕೊಂಡು ನಡೆಸುತ್ತಿದ್ದರು. ನನ್ನ ಕಾರಣ ಕೇಳಿ ಅವರೊಮ್ಮೆ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾತು ಕಡಿಮೆ ಇರುವುದು ನನಗೊಬ್ಬಳಿಗೇ ಅಲ್ಲ.

ಸರೋಜಿನಿ ಹೊರಟಳು. ಅವಳ ಹೊರಡುವಿಕೆ ಸುಲಭದ್ದಾಗಿರಲಿಲ್ಲ. ಅವಳಿಗೆ ತಂದೆ ಇಲ್ಲ. ಅವರ ತುಳುವ ಕುಟುಂಬಗಳಲ್ಲಿ ತಂಗಿಯ ಮಕ್ಕಳ ಜವಾಬ್ದಾರಿ ಸೋದರಮಾವನದು. ಅವನು ಹೂಂ ಎಂದರೆ ಹೂಂ. ಯಮುನಕ್ಕನ ಅಣ್ಣ ಸಂಜೀವ ಮಾವನಿಗೆ ಬಂದರಿನಲ್ಲಿ ಹಗ್ಗ ಮತ್ತು ಬಲೆಯ ನೂಲಿನ ಅಂಗಡಿ. ದಪ್ಪ ಮೀಸೆ, ನಿಧಾನದ ಮಾತು. ಅವರ ಒಂದೇ ಹವ್ಯಾಸ ತಾಳಮದ್ದಳೆ. ಶನಿವಾರಗಳಲ್ಲಿ ಬಂದರಿನವರು ಸೇರುವ ಕೂಟದಲ್ಲಿ ಅವರು ವಿದುರನ, ಅಕ್ರೂರನ ಅರ್ಥ ಹೇಳುತ್ತಿದ್ದರಂತೆ. ಭಾಗವತರು ಎರಡು ಸಾಲು ಪದ್ಯ ಹಾಡಿದರೆ ಸಾಕು, ಅದರ ಮೇಲೆ ಅರ್ಧ ಗಂಟೆ ಮಾತು ಹೂಡುವ ಕಲೆ ಅದು. ಮದ್ರಾಸಿಗೆ ಕಳಿಸುವುದಕ್ಕೆ ಸಂಜೀವ ಮಾವ ಕೊನೆಗೂ ಒಪ್ಪಿದ್ದು ಸರೋಜಿನಿ ಎರಡು ದಿನ ಊಟ ಬಿಟ್ಟ ಮೇಲೆ. ಅದರಲ್ಲೂ ಒಂದು ಕಟ್ಟು ಇತ್ತು: ಕ್ರಿಸ್ಮಸ್ ರಜೆಯವರೆಗೆ ನೋಡುವುದು, ಅಲ್ಲಿ ಸರಿ ಬಂದರೆ ಮುಂದೆ, ಇಲ್ಲವಾದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಕೂಳೂರು ಸೇತುವೆಯ ಆಚೆ ಒಂದು ಹಂಚಿನ ಕಾರ್ಖಾನೆಯ ಮನೆಯವರು ಆಗಲೇ ಹುಡುಗಿಯನ್ನು ಕೇಳಿದ್ದರು.

ಯಮುನಕ್ಕನಿಗೆ ಓದು ಬರಹ ಬಾರದು. ಸರೋಜಿನಿ ತಾಯಿಗೆ ಬರೆದ ಕಾಗದಗಳನ್ನು ಓದಿ ಹೇಳುವ ಕೆಲಸ ನನಗೆ ಬಂತು. ಬೇರೆಯವರ ವಿಷಯ ಹೊರಗೆ ಬಿಡದವಳು ಎಂಬ ನನ್ನ ಹೆಸರೇ ಅದಕ್ಕೆ ಕಾರಣ. ಸಂಜೀವ ಮಾವನಿಗೆ ಓದಲು ಬರುತ್ತಿತ್ತು. ಆದರೆ ಹೆಣ್ಣುಮಗಳು ತಾಯಿಗೆ ಬರೆದದ್ದನ್ನು ತಾವೇ ಓದುವುದು ಅವರ ಘನತೆಗೆ ಸರಿ ಕಾಣುತ್ತಿರಲಿಲ್ಲ. ಕಾಗದ ಯಾವ ದಿನ ಬಂದರೂ ಒಡೆಯದೆ ದೇವರ ಪಟದ ಹಿಂದೆ ಸಿಕ್ಕಿಸಿಡುವರು. ಆದಿತ್ಯವಾರ ಮಾವ ಬಂದು ಆರಾಮ ಕುರ್ಚಿಯಲ್ಲಿ ಕುಳಿತ ಮೇಲೆ ನನ್ನನ್ನು ಕರೆಯುವರು. ನಾನು ಬೆಳಿಗ್ಗೆ ನಮ್ಮ ಕ್ರೈಸ್ತರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಹೋಗಿ, ಬೇರೆಯವರ ಕಾಗದ ಒಡೆಯುತ್ತಿದ್ದೆ. ಹನ್ನೊಂದನೆಯ ಕಲಮಿನ ನೆನಪು ನನಗೆ ಆಗ ಆಗಲಿಲ್ಲ. ಯಾವ ವಾರ್ಡನಿಗೂ ಆಗುವುದಿಲ್ಲವೆಂದು ಕಾಣುತ್ತದೆ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿಯನ್ನು ಹೇಳಬೇಕು. ತುಳು ಮಾತಾಡುವವರು ಕಾಗದವನ್ನು ತುಳುವಿನಲ್ಲಿ ಬರೆಯುವುದಿಲ್ಲ, ಕನ್ನಡದಲ್ಲಿ ಬರೆಯುತ್ತಾರೆ. ಓದುವವರು ಕನ್ನಡವನ್ನು ಕಣ್ಣಿನಲ್ಲಿ ನೋಡುತ್ತ ತುಳುವನ್ನು ಬಾಯಿಯಲ್ಲಿ ಹೇಳಬೇಕು. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ ಎಂದು ಬೆಳೆದ ನನಗೆ ಇದು ಕಷ್ಟವಲ್ಲ. ಆದರೆ ಕಣ್ಣಿಗೂ ಬಾಯಿಗೂ ನಡುವೆ ಒಂದು ಸಣ್ಣ ಓಣಿ ಇರುತ್ತದೆ. ಅಲ್ಲಿ ಓದುವವಳ ಹೊರತು ಬೇರೆ ಯಾರೂ ಓಡಾಡುವುದಿಲ್ಲ. ನಾನು ಹಾಳಾದದ್ದು ಆ ಓಣಿಯಲ್ಲಿ.

ಮೊದಲ ಮೂರು ಕಾಗದಗಳನ್ನು ಇದ್ದಂತೆ ಓದಿದೆ. ಅನ್ನಕ್ಕೆ ಸಾರು ಹುಳಿ, ಹೊಟ್ಟೆಗೆ ಸೇರುವುದಿಲ್ಲ. ಕೋಣೆಯ ಇಬ್ಬರೂ ತಮ್ಮೊಳಗೆ ತಮಿಳು ಮಾತಾಡುತ್ತಾರೆ, ನಾನು ಗೋಡೆ ನೋಡುತ್ತೇನೆ. ಕ್ಲಾಸಿನಲ್ಲಿ ಇಂಗ್ಲಿಷು ಬೇಗ ಬೇಗ ಹೋಗುತ್ತದೆ. ಅಮ್ಮಾ, ಸೆಖೆ. ಇಷ್ಟೇ. ಯಮುನಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮೂರನೆಯ ಕಾಗದ ಮುಗಿದಾಗ ಸಂಜೀವ ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಇಷ್ಟು ಅಳ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಇಲ್ಲೇ ಅಳಬಹುದಿತ್ತು. ಕ್ರಿಸ್ಮಸ್‌ಗೆ ಬರ್ಲಿ. ಕೂಳೂರಿನವರಿಗೆ ಒಂದು ಮಾತು ಹೇಳಿಡ್ತೇನೆ.”

ಎರಡು ದಿನ ಊಟ ಬಿಟ್ಟು ಗೆದ್ದ ಹುಡುಗಿ ಎರಡು ತಿಂಗಳ ಹುಳಿ ಸಾರಿಗೆ ಸೋಲುವುದೇ? ಹೊಸ ಜಾಗದಲ್ಲಿ ಅಳು ಬರುವುದು ಸಹಜ, ಆಮೇಲೆ ಹೋಗುತ್ತದೆ ಎಂದು ಹೇಳಬಹುದಿತ್ತು. ಆದರೆ ಯಾರ ಮನೆಯಲ್ಲೂ ಅಭಿಪ್ರಾಯ ಹೇಳಿ ಅಭ್ಯಾಸವಿಲ್ಲದವಳು ನಾನು. ನನ್ನ ಅಭಿಪ್ರಾಯವನ್ನು ಸರೋಜಿನಿಯ ಬಾಯಿಯಿಂದ ಹೇಳಿಸುವುದು ಸುಲಭವೆಂದು ಕಂಡಿತು.

ನಾಲ್ಕನೆಯ ಕಾಗದದಲ್ಲಿ ಸೆಖೆಯನ್ನು ಬಿಟ್ಟೆ. ಐದನೆಯದರಲ್ಲಿ ಸಾರನ್ನು ಬಿಟ್ಟೆ. ಬಿಟ್ಟ ಜಾಗ ಖಾಲಿ ಕಂಡಿತೆಂದು ತಾವರೆ ಕೊಳವನ್ನು ಇಟ್ಟೆ. ಅದು ಸುಳ್ಳಲ್ಲ, ಪ್ರಾಸ್ಪೆಕ್ಟಸಿನ ಏಳನೆಯ ಪುಟದಲ್ಲಿ ಇತ್ತು. ಆರನೆಯದರಲ್ಲಿ ಕೊಳದಿಂದ ಒಂದು ಕಪ್ಪೆ ಊಟದ ಕೋಣೆಗೆ ಬಂತು. ಇದು ಏಳನೆಯ ಪುಟದಲ್ಲಿ ಇರಲಿಲ್ಲ. ಆದರೆ ಕೊಳವಿದ್ದ ಮೇಲೆ ಕಪ್ಪೆ ಇರಲೇಬೇಕು, ಕಪ್ಪೆ ಒಂದು ಕಡೆ ಕೂರುವ ಪ್ರಾಣಿಯಲ್ಲ. ಕಪ್ಪೆ ವಾರ್ಡನರ ತಟ್ಟೆಯ ಪಕ್ಕ ಬಂದು ಕುಳಿತದ್ದನ್ನೂ, ಅವರು ಅದಕ್ಕೆ ಇಂಗ್ಲಿಷಿನಲ್ಲಿ ಹೊರಗೆ ಹೋಗಲು ಹೇಳಿದ್ದನ್ನೂ ಕೇಳಿ ಯಮುನಕ್ಕ ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ನಗುವನ್ನು ನೋಡಿದ ಮೇಲೆ ನಿಲ್ಲಿಸುವುದು ನನ್ನಿಂದಾಗಲಿಲ್ಲ. ನಾನು ಅಚ್ಚುಕಟ್ಟಿನವಳು, ಒಂದು ಕಾಗದಕ್ಕೆ ಮೂರಕ್ಕಿಂತ ಹೆಚ್ಚು ಸಂಗತಿ ಸೇರಿಸಬಾರದೆಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಸೈಕಲಿನಲ್ಲಿ ಬಂದು ಚರಿತ್ರೆ ಪಾಠ ಮಾಡುವ ಒಬ್ಬ ಮಿಸ್ ಬಂದರು. ಲೈಬ್ರರಿಯ ಕಿಟಕಿಯ ಪಕ್ಕದ ಮೇಜು ಸರೋಜಿನಿಯದೇ ಆಯಿತು. ತಮಿಳಿನ ಇಬ್ಬರು ಗೆಳತಿಯರು ಇವಳಿಂದ ತುಳು ಕಲಿಯತೊಡಗಿದರು. ಆ ಲೈಬ್ರರಿಯ ಮೇಜಿನ ಮೇಲೆ ಸಂಜೆಯ ಬಿಸಿಲು ಬೀಳುವುದನ್ನು ಎರಡೆರಡು ಸಲ ಹೇಳುತ್ತಿದ್ದೆ. ಅಷ್ಟು ಒಳ್ಳೆಯ ಲೈಬ್ರರಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಈ ಕಾಲದಲ್ಲಿ ನನ್ನ ಸ್ವಂತ ಕಾಲೇಜು ಏನು ಮಾಡುತ್ತಿತ್ತೆಂದು ಕೇಳಿದರೆ ಹೇಳಲಾರೆ. ಹೋಗುತ್ತಿದ್ದೆ, ಕಿಟಕಿಯ ಬದಿಯ ಮೂರನೆಯ ಬೆಂಚಿನಲ್ಲಿ ಕುಳಿತು ನೋಟ್ಸು ಬರೆಯುತ್ತಿದ್ದೆ, ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಬುತ್ತಿ ಉಣ್ಣುತ್ತಿದ್ದೆ, ಬರುತ್ತಿದ್ದೆ. ನಾಲ್ಕೂವರೆಯಾದರೆ ಮದ್ರಾಸಿನಲ್ಲಿ ಟೆನಿಸ್ ಆರಂಭವಾಯಿತೆಂದು ಮನಸ್ಸಿಗೆ ಬರುತ್ತಿತ್ತು. ಒಂದು ದಿನ ನಮ್ಮ ಲೈಬ್ರರಿ ಶನಿವಾರ ಮಧ್ಯಾಹ್ನ ಮುಚ್ಚಿದ್ದನ್ನು ಕಂಡು ಇದು ನಿಯಮಕ್ಕೆ ವಿರುದ್ಧ ಎಂದು ಅಟೆಂಡರಿಗೆ ಹೇಳಿದೆ. ಆತ ಬೋರ್ಡು ತೋರಿಸಿದ. ನನಗೆ ನೆನಪಿದ್ದದ್ದು ಮದ್ರಾಸಿನ ಬೋರ್ಡು.

ಪಾಪನಿವೇದನೆಯಲ್ಲಿ ಇದನ್ನು ಹೇಳದಿರಲು ಆಗಲಿಲ್ಲ. ಜಾಲರಿಯ ಆಚೆ ಕುಳಿತ ಪಾದ್ರಿಗಳು ಎಲ್ಲವನ್ನೂ ಕೇಳಿ, ಕಾಗದದಲ್ಲಿ ಇದ್ದದ್ದನ್ನು ಬಿಟ್ಟೆಯೋ, ಇಲ್ಲದ್ದನ್ನು ಸೇರಿಸಿದೆಯೋ ಎಂದು ವಿಚಾರಿಸಿದರು. ಎರಡೂ ಎಂದೆ. ಇನ್ನು ಮಾಡಬಾರದು ಎಂದು ಹೇಳಿ ಪ್ರಾಯಶ್ಚಿತ್ತ ಕೊಟ್ಟರು. ನಾನು ಏಳುವಷ್ಟರಲ್ಲಿ ಒಮ್ಮೆ ಕೆಮ್ಮಿ, ಆ ಕಪ್ಪೆಯನ್ನು ಕೊನೆಗೆ ಯಾರು ಹಿಡಿದರು ಎಂದು ಕೇಳಿದರು.

ಇನ್ನು ಮಾಡಬಾರದೆಂದು ನಾನೂ ನಿಶ್ಚಯಿಸಿದ್ದೆ. ಆದರೆ ಮುಂದಿನ ಆದಿತ್ಯವಾರ ಸಂಜೀವ ಮಾವ ಬಂದವರೇ, ಕೂಳೂರಿನವರು ಮತ್ತೊಮ್ಮೆ ಹೇಳಿಕಳಿಸಿದ್ದಾರೆ, ಕ್ರಿಸ್ಮಸ್‌ಗೆ ಹುಡುಗಿಯನ್ನು ನೋಡಿ ಹೋಗುತ್ತಾರಂತೆ ಎಂದರು. ಯಮುನಕ್ಕ ಕಾಗದವನ್ನು ನನ್ನ ಕೈಗೆ ಕೊಟ್ಟರು. ಒಡೆದೆ. ಅರ್ಧ ಪುಟ. ತಲೆನೋವು, ಟಿಪ್ಪಣಿ ಬರೆದು ಮುಗಿಯುವುದಿಲ್ಲ, ಒಬ್ಬಳೇ ಇರುತ್ತೇನೆ. ಕೂಳೂರಿನ ಹಂಚಿನ ಕಾರ್ಖಾನೆಯ ಎದುರಿಗೆ ನಿಲ್ಲಿಸಲು ಕಪ್ಪೆ ಸಾಲದೆಂದು ನನಗೆ ತಿಳಿಯಿತು. ದೊಡ್ಡದೇ ಏನಾದರೂ ಬೇಕು. ಪ್ರಾಸ್ಪೆಕ್ಟಸಿನ ಹದಿನಾಲ್ಕನೆಯ ಪುಟದಲ್ಲಿ ಚರ್ಚಾಕೂಟದ ವಿಷಯವಿತ್ತು. ಸರೋಜಿನಿ ಆ ಕೂಟದಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಿದಳು, ಸಭೆ ಚಪ್ಪಾಳೆ ತಟ್ಟಿತು ಎಂದು ಓದಿಬಿಟ್ಟೆ. ನನ್ನ ಕಾಲೇಜಿನಲ್ಲಿ ಹಾಜರಿ ಕೂಗುವಾಗ ನನ್ನ ದನಿ ಕೇಳದೆ ಎರಡು ಸಲ ಗೈರುಹಾಜರಿ ಬಿದ್ದಿತ್ತು. ಆದರೆ ಮದ್ರಾಸಿನಲ್ಲಿ ನಾನು ಅಂದು ಬಹಳ ಚೆನ್ನಾಗಿ ಮಾತಾಡಿದೆ.

ಸಂಜೀವ ಮಾವ ಕಣ್ಣು ತೆರೆದರು. ಯಮುನಕ್ಕನಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಈಗಲೇ ಉತ್ತರ ಬರೆಯಬೇಕೆಂದರು. ಅವರ ಉತ್ತರಗಳನ್ನು ಬರೆಯುವವಳೂ ನಾನೇ. ಬೇರೆ ದಿನಗಳಲ್ಲಾದರೆ ಅವರು ತುಳುವಿನಲ್ಲಿ ಹೇಳಿದ್ದರಿಂದ ಕಪ್ಪೆಯನ್ನೂ ಕೊಳವನ್ನೂ ಸೋಸಿ, ಕ್ಷೇಮ ಸಮಾಚಾರವನ್ನು ಮಾತ್ರ ಬರೆಯುತ್ತಿದ್ದೆ. ಆ ದಿನ ಮಾವ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಹೆಗಲ ಪಕ್ಕ ಕುಳಿತರು. ಅವರಿಗೆ ಕನ್ನಡ ಓದಲು ಬರುತ್ತಿತ್ತೆಂದು ಆಗಲೇ ಹೇಳಿದ್ದೇನೆ. ಯಮುನಕ್ಕ ಹೇಳಿದ್ದನ್ನೆಲ್ಲ ಹೇಳಿದ ಹಾಗೆ ಬರೆಯದೆ ದಾರಿಯಿರಲಿಲ್ಲ: ನೀನು ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಕೇಳಿ ಸಂತೋಷವಾಯಿತು. ಇನ್ನು ಮಾತಾಡುವ ಮೊದಲು ಕರಿಮೆಣಸು, ಜೇನು ತೆಗೆದುಕೊ. ಅಕ್ಕಪಕ್ಕದವರಿಗೆ ಹೇಳಿದ್ದೇನೆ. ಮಾವ ಕಾಗದವನ್ನು ತಾವೇ ಅಂಚೆಗೆ ಹಾಕುತ್ತೇನೆಂದು ಜೇಬಿನಲ್ಲಿಟ್ಟುಕೊಂಡು ಹೋದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಬರೆಯುವುದಿಲ್ಲ. ಯಾವ ಸಭೆ, ಯಾವ ಇಂಗ್ಲಿಷು ಎಂದು ಸರೋಜಿನಿ ಬರೆಯುವುದು ನಿಶ್ಚಯ. ಅದು ಬಯಲಾದರೆ ನನ್ನ ಹೆಸರು ಹೋಗುವುದು ಸಣ್ಣ ಸಂಗತಿ. ಮೋಸಕ್ಕೆ ಸರೋಜಿನಿಯೂ ಸೇರಿದ್ದಾಳೆಂದು ಮಾವ ತಿಳಿದರೆ, ಅವಳ ಪೆಟ್ಟಿಗೆ ಮತ್ತೆ ಮದ್ರಾಸಿನ ರೈಲು ಹತ್ತುವುದಿಲ್ಲ. ಮೊದಲ ಆದಿತ್ಯವಾರ ಕಾಗದ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಆದಿತ್ಯವಾರ ದೇವರ ಪಟದ ಹಿಂದೆ ಒಂದು ದಪ್ಪ ಲಕೋಟೆ ಇತ್ತು.

ಒಡೆದೆ. ನಾಲ್ಕು ಪುಟ. ಮೊದಲ ಸಾಲಿನಲ್ಲೇ ಕಣ್ಣು ನಿಂತಿತು. “ಅಮ್ಮಾ, ನಾನು ಯಾವ ಸಭೆಯಲ್ಲಿ ಮಾತಾಡಿದೆನೆಂದು ನಿನಗೆ ಯಾರು ಹೇಳಿದರು?”

ದಾಟಿಸಿಬಿಡಬಹುದಿತ್ತು, ಆ ಓಣಿ ನನಗೆ ಪರಿಚಿತ. ಆದರೆ ಕಣ್ಣು ಮುಂದೆ ಓಡಿತ್ತು. ಮುಂದಿನ ಸಾಲುಗಳನ್ನು ಕಂಡಿತ್ತು. ಆ ಸಾಲುಗಳು ಸರೋಜಿನಿಯವು. ಮೊದಲ ಸಾಲನ್ನು ತೆಗೆದರೆ ಅವಳು ಮಾಡಿದ್ದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಅವಳ ತಲೆನೋವನ್ನು ಕದ್ದದ್ದಾಗಿತ್ತು, ಇದನ್ನೂ ಕದಿಯಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ತಡವರಿಸುತ್ತ, ನಡುವೆ ನಿಲ್ಲುತ್ತ ಓದಿದೆ.

ತಾಯಿಯ ಕಾಗದವನ್ನು ನಿಯಮದಂತೆ ವಾರ್ಡನ್ ಒಡೆದರಂತೆ. ಅವರಿಗೆ ಕನ್ನಡ ಬಾರದು. ಬಳ್ಳಾರಿ ಕಡೆಯ ಮೇಟ್ರನ್ ಒಬ್ಬರು ಓದಿ ಹೇಳಿದರಂತೆ. ಸದ್ದೇ ಇಲ್ಲದ ಈ ಹುಡುಗಿ ಸಭೆಯಲ್ಲಿ ಮಾತಾಡುವವಳೆಂದು ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ವಾರ್ಡನ್ ಅವಳನ್ನು ಕರೆದು, ಮುಂದಿನ ಶುಕ್ರವಾರದ ಚರ್ಚೆಗೆ ಅವಳ ಹೆಸರು ಬರೆದೇಬಿಟ್ಟರಂತೆ. “ಇಲ್ಲ ಎಂದರೆ ನೀನು ಸುಳ್ಳು ಬರೆದೆಯೆಂದು ಆಗುತ್ತದೆ. ನೀನು ಸುಳ್ಳಿಯೆಂದು ನಾನು ಅವರೆದುರು ಹೇಗೆ ಹೇಳಲಿ? ಹೌದು ಎಂದೆ.” ಶುಕ್ರವಾರ ವೇದಿಕೆ ಹತ್ತಿದಳು. ಮೊಣಕಾಲು ನಡುಗುತ್ತಿತ್ತು. ಬರೆದು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಎಲ್ಲರೂ ನೋಡುತ್ತಿದ್ದರು. ಆಗ ಅವಳಿಗೆ ಸಂಜೀವ ಮಾವ ಕೂಟದಲ್ಲಿ ಪದ್ಯ ಮುಗಿದ ಮೇಲೆ ಕೂಡಲೇ ಮಾತಾಡದೆ, ಹೆಗಲ ಶಾಲು ಸರಿಮಾಡಿ, ಗಂಟಲು ಸರಿಮಾಡಿ, ಸಭೆಯನ್ನು ಆ ಬದಿಯಿಂದ ಈ ಬದಿಗೆ ಒಮ್ಮೆ ನೋಡುವುದು ನೆನಪಾಯಿತು. ಸೆರಗು ಸರಿಮಾಡಿದಳು, ಗಂಟಲು ಸರಿಮಾಡಿದಳು, ಆ ಬದಿಯಿಂದ ಈ ಬದಿಗೆ ನೋಡಿದಳು. ಮಾತು ಬಂತು. ಕೊಟ್ಟ ಹೊತ್ತು ಮುಗಿದ ಗಂಟೆ ಹೊಡೆದರೂ ನಿಲ್ಲಿಸಲು ತಿಳಿಯಲಿಲ್ಲ. ಬಹುಮಾನ ಬರಲಿಲ್ಲ. ಆದರೆ ಕೋಣೆಯ ಹುಡುಗಿಯರಿಬ್ಬರು ಆ ದಿನದಿಂದ ಇವಳೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮುಂದಿನ ಚರ್ಚೆಗೆ ಅವಳೇ ಹೆಸರು ಕೊಟ್ಟಿದ್ದಾಳೆ. ಕೊನೆಯಲ್ಲಿ ಎರಡು ಸಾಲು ಬೇರೆಯಾಗಿ ಇದ್ದವು. “ಈ ಕಾಗದ ಓದುವವಳಿಗೆ: ರಜೆಗೆ ಬಂದಾಗ ನಿನ್ನನ್ನು ನೋಡಿಕೊಳ್ಳುತ್ತೇನೆ.” ಅದನ್ನೂ ಓದಿದೆ.

ನಾನು ಕಾಗದವನ್ನು ಮಡಚಿದೆ. ಬಿಚ್ಚಿ ಮತ್ತೆ ಮಡಚಿದೆ.

“ಇವತ್ತು ನೀನು ಕಾಗದ ಓದಿದ್ದು,” ಎಂದರು ಸಂಜೀವ ಮಾವ. “ಓದುವವರು ತಡವರಿಸ್ತಾರೆ. ಇಷ್ಟು ದಿನ ನೀನು ಒಂದು ಕಡೆ ನಿಲ್ಲಲಿಲ್ಲ. ಆಗಲೇ ಗೊತ್ತಾಯ್ತು ನನಗೆ, ಇದು ಓದುವುದಲ್ಲ, ಅರ್ಥ ಹೇಳುವುದು ಅಂತ. ಪದ್ಯ ಎರಡು ಸಾಲು ಉಂಟು, ಇವಳ ಮಾತು ಅರ್ಧ ಗಂಟೆ.”

ಯಾವಾಗಿನಿಂದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು: ಕಪ್ಪೆಯಿಂದ.

“ಮತ್ತೆ ಎಂತಕ್ಕೆ ಸುಮ್ಮನಿದ್ದಿ ಅಣ್ಣಾ?” ಯಮುನಕ್ಕನ ದನಿ ಏರಿತು.

“ಕಟ್ಟುವುದು ಒಳ್ಳೆದಿತ್ತು ಮಾರಾಯ್ತಿ. ನಮ್ಮ ಕೂಟದಲ್ಲಿ ಅಷ್ಟು ಚೆಂದ ಹೇಳುವವರು ಇಲ್ಲ.” ಅವರು ಮೀಸೆ ಒರೆಸಿಕೊಂಡರು. “ಶಾಲು ಸರಿ ಮಾಡುವುದನ್ನು ಹುಡುಗಿ ನೋಡಿದ್ದಾಳೆ ನೋಡು. ನಾನು ಮಾಡ್ತೇನೆ ಅಂತ ನನಗೇ ಗೊತ್ತಿರಲಿಲ್ಲ.” ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಲಿಳಿಯುವಾಗ ಹೇಳಿದರು: “ಕೂಳೂರಿನವರಿಗೆ ನಾನು ಹೇಳ್ತೇನೆ. ಹುಡುಗಿಗೆ ಈಗ ಪುರುಸೊತ್ತಿಲ್ಲ, ಚರ್ಚೆ ಉಂಟು ಅಂತ.”

ಅಲ್ಲಿಗೆ ಮುಗಿಯಿತೆಂದು ನಾನೂ ಎದ್ದೆ. ಯಮುನಕ್ಕ ಕೂರಲು ಹೇಳಿದರು. ಒಳಗೆ ಹೋಗಿ ಹಳೆಯ ಕಾಗದಗಳ ಕಟ್ಟು ತಂದು ನನ್ನ ಮಡಿಲಲ್ಲಿಟ್ಟರು. ನನ್ನ ಮಗಳು ಬರೆದದ್ದನ್ನು ಓದು ಎಂದರು. ಓದಿದೆ. ಬಿಟ್ಟ ಸೆಖೆ, ಬಿಟ್ಟ ಸಾರು, ಬಿಟ್ಟ ತಲೆನೋವು, ಎಲ್ಲವನ್ನೂ ಒಂದೊಂದಾಗಿ. ಅವರು ಈ ಸಲ ಅಳಲಿಲ್ಲ, ಮೈಯೆಲ್ಲ ಕಿವಿಯಾಗಿ ಕೇಳಿದರು. ಮುಗಿದ ಮೇಲೆ ಹೇಳಿದ್ದು ಇಷ್ಟು:

“ಅವಳಿಗೆ ತಲೆನೋವು ಅಂತ ನನಗೆ ಗೊತ್ತಿದ್ದರೆ ಎಣ್ಣೆ ಕಳಿಸ್ತಿದ್ದೆ ಮಗಾ. ನಾನು ಕಪ್ಪೆಗೆ ನಗಾಡ್ತಾ ಕೂತೆ.”

ಒಳ್ಳೆಯದಕ್ಕೇ ಮಾಡಿದೆನೆಂದು ಹೇಳಲು ಬಾಯಿ ತೆರೆದೆ. ಆ ಎಣ್ಣೆಯ ಬಾಟಲಿ ಎದುರಿಗೆ ಬಂದು ನಿಂತಂತಾಗಿ ಮುಚ್ಚಿದೆ. ಯಮುನಕ್ಕ ಒಳಗೆ ಹೋಗಿ ಚಹಾ ತಂದರು, ತಟ್ಟೆಯಲ್ಲಿ ಎರಡು ಗೋಳಿಬಜೆಯನ್ನೂ ಇಟ್ಟರು. ಎದುರಿಗೆ ಕುಳಿತು ನಾನು ತಿನ್ನುವುದನ್ನು ನೋಡುತ್ತಿದ್ದರು. ಆಮೇಲೆ ಕಟ್ಟಿನಿಂದ ಆರನೆಯ, ಆ ಕಪ್ಪೆಯ ಕಾಗದವನ್ನು ತಾವೇ ಎಳೆದರು. ಓದು ಬಾರದ ಅವರಿಗೆ ಅದು ಹೇಗೆ ಗುರುತಾಯಿತೋ ನಾನರಿಯೆ.

“ಇದು ಅವಳದ್ದು ಆಯ್ತು. ಇನ್ನು ನಿನ್ನದ್ದು ಓದು.”

ಹೀಗೆ ಒಂದು ಹೊಸ ಪದ್ಧತಿ ಆರಂಭವಾಯಿತು. ಪ್ರತಿಯೊಂದು ಕಾಗದವನ್ನೂ ಎರಡು ಸಲ ಓದುವುದು: ಮೊದಲು ಸರೋಜಿನಿಯದು, ಆಮೇಲೆ ನನ್ನದು. ಎರಡನೆಯದಕ್ಕೆ ಸಂಜೀವ ಮಾವ ಕಣ್ಣು ಮುಚ್ಚುವರು.

ಕ್ರಿಸ್ಮಸ್ ರಜೆಗೆ ಸರೋಜಿನಿ ಬಂದಳು. ಅಳುತ್ತ ಹೋದವಳು ಅವಳೇ ಎಂದು ಹೇಳುವಂತಿರಲಿಲ್ಲ. ಹಂಪನಕಟ್ಟೆಯ ಬಸ್ಸಿನಲ್ಲಿ ಕಂಡಕ್ಟರನೊಡನೆ ನಿಲುಗಡೆಯ ವಿಷಯದಲ್ಲಿ ಪರ ವಿರೋಧ ಎರಡನ್ನೂ ಅವಳೇ ವಾದಿಸಿದಳು. ಬರೆದಿದ್ದಂತೆ ನನ್ನನ್ನು ನೋಡಿಕೊಂಡಳು ಕೂಡ. ನಮ್ಮ ಜಗಲಿಯಲ್ಲಿ ಕುಳಿತು, ನಾನು ಕಟ್ಟಿದ ಕಾಲೇಜನ್ನು ಒಂದೊಂದು ಇಟ್ಟಿಗೆಯಾಗಿ ಬಿಚ್ಚಿದಳು. ಸೈಕಲಿನ ಮಿಸ್ ಇಲ್ಲ. ಲೈಬ್ರರಿಯ ಕಿಟಕಿಯ ಮೇಜಿನಲ್ಲಿ ಕೂರಲು ಸೀನಿಯರುಗಳು ಬಿಡುವುದಿಲ್ಲ. ತಾವರೆ ಕೊಳದಲ್ಲಿ ನೀರೇ ಇಲ್ಲ, ಒಣಗಿ ಯಾವ ಕಾಲವಾಯಿತೋ, ಅದರಲ್ಲಿ ಮುರಿದ ಬೆಂಚು ಹಾಕಿದ್ದಾರೆ. ನಾನು ತಲೆ ತಗ್ಗಿಸಿ ಕೇಳಿದೆ. ಕೊನೆಗೆ ಅವಳು ಹೇಳಿದಳು:

“ಆದರೂ ನಿನ್ನ ಕಾಲೇಜು ಒಳ್ಳೆದುಂಟು ಮಾರಾಯ್ತಿ. ನಾನು ಈಗ ಅದಕ್ಕೇ ಹೋಗುವುದು.”

ಅವಳನ್ನು ನೋಡಿ ನನಗೆ ನಿಜವಾಗಿ ಹೆಮ್ಮೆಯಾಯಿತು. ನಾನು ಕುಳಿತಲ್ಲಿ ಕಟ್ಟಿದ್ದನ್ನು ಅವಳು ನಡುಗುವ ಮೊಣಕಾಲಿನಲ್ಲಿ ನಿಂತು ನಿಜ ಮಾಡಿದ್ದಳು. ಹೆದರಿಕೆ ಇಬ್ಬರಿಗೂ ಒಂದೇ ಅಳತೆಯದು ಇತ್ತು. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲು ಹತ್ತಿದಳು, ನಾನು ತಾಯಿಯ ಉಬ್ಬಸದ ಹಿಂದೆ ಅಡಗಿಸಿದೆ. ಇದನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುವುದು ಸುಲಭ.

ರಜೆ ಮುಗಿಸಿ ಹೋದ ಮೇಲೆ ಸರೋಜಿನಿಗೆ ಕಾಗದ ಬರೆಯಲು ಪುರುಸೊತ್ತು ಇಲ್ಲ. ವಾರಕ್ಕೆ ಒಂದು ಕಾರ್ಡು ಬರುತ್ತದೆ, ಮೂರು ಸಾಲು: ಕ್ಷೇಮ, ಚರ್ಚೆ ಉಂಟು, ಎಣ್ಣೆ ಮುಗಿಯಿತು. ಮೊದಲನೆಯ ಓದು ಒಂದು ಉಸಿರಿನಲ್ಲಿ ಮುಗಿಯುತ್ತದೆ. ಮಾವ ಕಣ್ಣು ಮುಚ್ಚಿ ಕಾಯುತ್ತಾರೆ, ಯಮುನಕ್ಕ ಕಾಲು ಚಾಚಿ ಕೂರುತ್ತಾರೆ. ಮೊದಲ ಕಾರ್ಡಿನ ಆದಿತ್ಯವಾರ ನಾನು ಅಭ್ಯಾಸದಂತೆ ತಾವರೆ ಕೊಳದ ದಡದಿಂದ ಆರಂಭಿಸಿದೆ.

“ಅದರಲ್ಲಿ ನೀರಿಲ್ಲ,” ಎಂದರು ಮಾವ.

ಲೈಬ್ರರಿಯ ಮೇಜಿಗೆ ಹೋದೆ. ಅಲ್ಲಿ ಸೀನಿಯರುಗಳು ಉಂಟು ಎಂದರು ಯಮುನಕ್ಕ. ನಿಜ ತಿಳಿದವರ ಎದುರಿಗೆ ಕಟ್ಟುವುದು ಎಷ್ಟು ಕಷ್ಟವೆಂದು ನನಗೆ ಅಂದು ತಿಳಿಯಿತು. ಮದ್ರಾಸು ಸಾಕು, ನೀನು ಹೋಗುವ ಕಾಲೇಜಿನಲ್ಲಿ ಎಂತ ಆಯ್ತು ಹೇಳು ಎಂದರು ಮಾವ. ಹತ್ತು ಗಂಟೆಗೆ ಗಂಟೆ ಹೊಡೆಯಿತು ಎಂದೆ. ಅವರು ಕಾದರು. ನಾಲ್ಕು ಗಂಟೆಗೆ ಇನ್ನೊಮ್ಮೆ ಹೊಡೆಯಿತು ಎಂದೆ. ನಿನ್ನ ಪಕ್ಕದಲ್ಲಿ ಕೂರುವುದು ಯಾರು ಎಂದು ಯಮುನಕ್ಕ ಕೇಳಿದರು. ಏಳು ತಿಂಗಳು ಒಂದೇ ಬೆಂಚಿನಲ್ಲಿ ಕುಳಿತ ಹುಡುಗಿಯ ಹೆಸರು ನನಗೆ ತಿಳಿದಿರಲಿಲ್ಲ. ಮದ್ರಾಸಿನ ಹಾಸ್ಟೆಲಿನ ಇಪ್ಪತ್ತನಾಲ್ಕು ನಿಯಮಗಳು ಬಾಯಿಪಾಠ ಬರುತ್ತಿದ್ದವು.

ಸೋಮವಾರ ಹೋಗಿ ಕೇಳಿದೆ. ಅವಳ ಹೆಸರು ವಿಮಲಾ. ನಾನು ಮಾತಾಡಿದ್ದನ್ನು ಕಂಡು ಅವಳು ಪೆನ್ನು ಕೆಳಗೆ ಹಾಕಿದಳು. ಒಂದು ಆದಿತ್ಯವಾರಕ್ಕೆ ಅವಳ ಹೆಸರು ಸಾಕಾಯಿತು. ಅದರ ಮುಂದಿನದಕ್ಕೆ ಅವಳ ಬುತ್ತಿಯಲ್ಲಿ ಏನಿತ್ತೆಂದು ಹೇಳಿ ಪಾರಾದೆ. ಮೂರನೆಯದಕ್ಕೆ ಕ್ಲಾಸಿನಲ್ಲಿ ಎದ್ದು ಒಂದು ಪ್ರಶ್ನೆಯನ್ನೇ ಕೇಳಬೇಕಾಗಿ ಬಂತು. ಮಾವನಿಗೆ ರುಚಿ ಹತ್ತಿದೆ. ಹೋದ ವಾರದ್ದಕ್ಕಿಂತ ಕಡಿಮೆಯಾದರೆ ಒಂದು ಕಣ್ಣು ತೆರೆಯುತ್ತಾರೆ. ಕಟ್ಟಿ ಹೇಳುವಂತಿಲ್ಲ, ಕಟ್ಟಿದರೆ ನಾನು ತಡವರಿಸುವುದಿಲ್ಲ, ಅವರಿಗೆ ತಕ್ಷಣ ತಿಳಿಯುತ್ತದೆ. ಆದ್ದರಿಂದ ಪ್ರತಿ ವಾರ ಶನಿವಾರದೊಳಗೆ ನನಗೆ ಏನಾದರೂ ಆಗಲೇಬೇಕು.

ಇವತ್ತು ಶುಕ್ರವಾರ. ಈ ವಾರ ಏನೂ ಆಗಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ವಿಮಲಾ ಬಂದು, ಥ್ರೋಬಾಲ್ ತಂಡದಲ್ಲಿ ಒಬ್ಬಳ ಕಾಲು ಉಳುಕಿದೆ, ನೀನು ನಿಲ್ಲುತ್ತೀಯಾ ಎಂದು ಕೇಳಿದಳು. ನಾನು ಈವರೆಗೆ ಚೆಂಡು ಹಿಡಿದವಳಲ್ಲ. ಚೆಂಡು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವವಳು. ಆದರೂ ಮಾತು ಮುಗಿಯುವ ಮೊದಲೇ ಹೂಂ ಎಂದುಬಿಟ್ಟೆ. ಪಂದ್ಯ ನಾಳೆ, ಊರಿನವರೆಲ್ಲ ನೋಡಲು ಬರುತ್ತಾರಂತೆ. ಬೀಳದೆ ಬರಲಿ ಎಂದು ತಾಯಿ ಪ್ರಾರ್ಥಿಸುತ್ತಿದ್ದಾರೆ. ನನಗೆ ಆ ಪ್ರಾರ್ಥನೆಗೆ ಪೂರ್ತಿ ಮನಸ್ಸಿನಿಂದ ದನಿಗೂಡಿಸಲು ಆಗುತ್ತಿಲ್ಲ. ಬೀಳದೆ ಬಂದರೆ ಆದಿತ್ಯವಾರಕ್ಕೆ ಹೇಳಲು ಏನಿರುತ್ತದೆ?